ಓಪಿಡಿ ಚೀಟಿಯ ಆಚೆಗಿನ ಮಗು

2025ರ ಆಗಸ್ಟ್‌ನಲ್ಲಿ ಉಡುಪಿ ಜಿಲ್ಲೆಯ ಶಿರ್ವ ಭಾಗದ ಅಂಗನವಾಡಿಯೊಂದಕ್ಕೆ ದಂಪತಿ ಹಸುಗೂಸೊಂದನ್ನು ಎತ್ತಿಕೊಂಡು ಬಂದರು. ಮಗುವಿನ ಹೆಸರನ್ನು ಅಲ್ಲಿ ಬರೆಸಬೇಕಿತ್ತು. ಅಂಗನವಾಡಿಯವರಿಗೆ ಸಂಶಯ ಬಂತು, ವಿಷಯ ಮಕ್ಕಳ ರಕ್ಷಣಾ ಅಧಿಕಾರಿಗಳನ್ನು ತಲುಪಿತು. ಮಂಗಳೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಹುಟ್ಟಿದ ಆ ಶಿಶುವನ್ನು ನಾಲ್ಕೂವರೆ ಲಕ್ಷ ರೂಪಾಯಿಗೆ ಮಾರಲಾಗಿದೆ ಎಂಬ ಆರೋಪದಲ್ಲಿ ಪೊಲೀಸರು ವೈದ್ಯರೊಬ್ಬರೂ ಸೇರಿದಂತೆ ಮೂವರನ್ನು ಬಂಧಿಸಿದರು. ತಪ್ಪು ಯಾರದೆಂದು ನ್ಯಾಯಾಲಯ ಹೇಳಬೇಕು. ನನ್ನನ್ನು ಕಾಡುವುದು ಬೇರೊಂದು ಸಂಗತಿ. ಹೆರಿಗೆ ಕೋಣೆ, ವಾರ್ಡು, ಬಿಲ್ಲಿನ ಕೌಂಟರು, ಡಿಸ್ಚಾರ್ಜ್ ಕಾಗದ, ಗೇಟಿನ ಕಾವಲುಗಾರ, ಇಷ್ಟೆಲ್ಲ ದಾಟದೆ ಯಾವ ಕೂಸೂ ಆಸ್ಪತ್ರೆಯಿಂದ ಹೊರಗೆ ಬರುವುದಿಲ್ಲ. ಆದರೂ ವಿಷಯ ಬಯಲಿಗೆ ಬಂದದ್ದು ಅಂಗನವಾಡಿಯ ಜಗಲಿಯಲ್ಲಿ.

ಮಕ್ಕಳ ಸಾಗಾಣಿಕೆ ಎಂದಾಗ ನಾವು ರೈಲು ನಿಲ್ದಾಣವನ್ನು, ಮುಂಬೈಯ ಗಲ್ಲಿಗಳನ್ನು ನೆನೆಯುತ್ತೇವೆ. ದಕ್ಷಿಣ ಕನ್ನಡದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲ್ಲೂಕುಗಳ ಆಸ್ಪತ್ರೆಗಳು ಮನಸ್ಸಿಗೆ ಬರುವುದಿಲ್ಲ. ಆದರೆ ಸಾಗಿಸಿ ತಂದ ಮಗುವನ್ನು ಕೆಲಸಕ್ಕಿಟ್ಟವನು ಶಾಲೆಗೆ ಕಳುಹಿಸದಿರಬಹುದು, ಜಾತ್ರೆಗೆ ಕರೆದೊಯ್ಯದಿರಬಹುದು. ಜ್ವರ ಏರಿದಾಗ, ಕೈ ಸುಟ್ಟಾಗ, ಮುಟ್ಟು ನಿಂತಾಗ ಮಾತ್ರ ಡಾಕ್ಟರ ಹತ್ತಿರ ಕರೆತರದೆ ಅವನಿಗೆ ಗತಿಯಿಲ್ಲ. 2014ರಲ್ಲಿ ಅಮೆರಿಕದಲ್ಲಿ ಲೆಡರರ್ ಮತ್ತು ವೆಟ್ಸೆಲ್ ಎಂಬಿಬ್ಬರು ಲೈಂಗಿಕ ದಂಧೆಯಿಂದ ಪಾರಾದ ಹೆಣ್ಣುಮಕ್ಕಳನ್ನು ಮಾತನಾಡಿಸಿ ಪ್ರಕಟಿಸಿದ ಅಧ್ಯಯನ ಈ ಕ್ಷೇತ್ರದಲ್ಲಿ ಬಹಳ ಹೆಸರಾಯಿತು. ಬಂಧನದಲ್ಲಿದ್ದ ಕಾಲದಲ್ಲೇ ಯಾವುದಾದರೊಂದು ವೈದ್ಯಕೀಯ ಸೇವೆಗೆ ಹೋಗಿದ್ದವರು ಅವರಲ್ಲಿ 87.8 ಶೇಕಡ. ಮಾತನಾಡಿಸಿದವರು ನೂರರ ಆಸುಪಾಸು ಮಾತ್ರ, ದೇಶ ಬೇರೆ, ಆಸ್ಪತ್ರೆಯ ಕ್ರಮ ಬೇರೆ. ಹಾಗಾಗಿ ಆ ಅಂಕಿಯನ್ನು ಇಲ್ಲಿಗೆ ತಂದು ಅಂಟಿಸುವಂತಿಲ್ಲ. ಆದರೆ ವೈದ್ಯರ ಮುಂದೆ ಕುಳಿತೂ ಯಾರ ಕಣ್ಣಿಗೂ ಬೀಳದೆ ಎದ್ದುಹೋದ ಮಕ್ಕಳು ಎಲ್ಲ ಕಡೆಯೂ ಇರುತ್ತಾರೆ ಎಂಬುದನ್ನು ನಂಬಲು ನನಗೆ ಆ ಅಂಕಿ ಬೇಕಾಗಿಲ್ಲ.

ಈ ಮೂರು ತಾಲ್ಲೂಕುಗಳ ನಕ್ಷೆಯನ್ನೇ ನೋಡಿ. ಬಿ.ಸಿ. ರೋಡಿನಲ್ಲಿ ಬೆಂಗಳೂರಿನ ಹೆದ್ದಾರಿಯೂ ಚಾರ್ಮಾಡಿ ಘಾಟಿಯ ಹೆದ್ದಾರಿಯೂ ಕವಲೊಡೆಯುತ್ತವೆ, ರೈಲು ನಿಲ್ದಾಣವೂ ಅಲ್ಲಿಯೇ ಇದೆ. ಬೆಳ್ತಂಗಡಿ ದಾಟಿದರೆ ಉಜಿರೆ, ಧರ್ಮಸ್ಥಳ, ಘಾಟಿ ಹತ್ತಿದರೆ ಚಿಕ್ಕಮಗಳೂರಿನ ಕಾಫಿ ತೋಟಗಳು. ಮೂಡುಬಿದಿರೆ ರಾಜ್ಯದ ಮೂಲೆಮೂಲೆಗಳಿಂದ ಮಕ್ಕಳು ಓದಲು ಬರುವ ಹಾಸ್ಟೆಲುಗಳ ಊರು. ಅಡಿಕೆ, ರಬ್ಬರು, ಗೇರುಬೀಜದ ಕಾರ್ಖಾನೆ, ಕೆಂಪುಕಲ್ಲಿನ ಕೋರೆ, ಹೋಟೆಲು, ಕಟ್ಟಡ ಕೆಲಸ, ಎಲ್ಲದಕ್ಕೂ ಈಗ ಹೊರಗಿನ ಕೈಗಳು ಬೇಕು. ಉತ್ತರ ಕರ್ನಾಟಕದಿಂದ, ಜಾರ್ಖಂಡ್, ಬಿಹಾರ, ಅಸ್ಸಾಮಿನಿಂದ ಸಂಸಾರ ಸಮೇತ ಬರುವವರಿದ್ದಾರೆ. ಅವರಲ್ಲಿ ಬಹುಪಾಲು ದುಡಿದು ತಿನ್ನಲು ಬಂದವರು, ಅವರ ಮೇಲೆ ಸಂಶಯಪಡುವುದು ದೊಡ್ಡ ಅನ್ಯಾಯ. ಆದರೆ ಗುತ್ತಿಗೆದಾರನ ಹಿಂದೆ ತಂದೆತಾಯಿಯಿಲ್ಲದೆ ಬಂದ ಹುಡುಗನೂ, ‘ಮನೆಯವರ ಹಾಗೆ ನೋಡಿಕೊಳ್ಳುತ್ತೇವೆ’ ಎಂಬ ಮಾತಿಗೆ ಮರುಳಾಗಿ ಕಳುಹಿಸಲ್ಪಟ್ಟ ಮನೆಕೆಲಸದ ಹುಡುಗಿಯೂ ಇದೇ ಬಸ್ಸುಗಳಲ್ಲಿ ಬರಲು ಅಡ್ಡಿಯೇನಿದೆ?

ಇಲ್ಲೊಂದು ಹಳೆಯ ಕಥೆಯನ್ನು ಮರೆಯಬಾರದು. ಒಂದು ಕಾಲಕ್ಕೆ ಹೀಗೆ ಹೊರಟುಹೋಗುತ್ತಿದ್ದವರು ನಮ್ಮ ಮಕ್ಕಳೇ. ತುಳುನಾಡಿನ ಎಷ್ಟೋ ಮನೆಗಳಿಂದ ಹತ್ತು ಹನ್ನೆರಡರ ಹುಡುಗರು ಬೊಂಬಾಯಿಯ ಹೋಟೆಲುಗಳಿಗೆ ಹೋದರು. ಟೇಬಲ್ ಒರೆಸಿ, ಲೋಟ ತೊಳೆದು, ಅಡುಗೆಮನೆಯ ನೆಲದಲ್ಲಿ ಮಲಗಿ, ಕನ್ನಡಿಗರು ನಡೆಸಿದ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತರು. ಕೆಲವರು ಹೋಟೆಲು ಧಣಿಗಳಾದರು, ಅವರ ಕಥೆಗಳನ್ನು ಸನ್ಮಾನ ಸಭೆಗಳಲ್ಲಿ ಕೇಳುತ್ತೇವೆ. ಆಗದವರ ಕಥೆಗಳನ್ನು ಯಾರೂ ಬರೆದಿಡಲಿಲ್ಲ. ಆ ಯಶಸ್ಸಿನ ನೆನಪೇ ಇವತ್ತಿಗೂ ನಮ್ಮ ಕಣ್ಣಿಗೆ ಪೊರೆಯಾಗಿದೆ. ಚಿಕ್ಕ ಹುಡುಗ ಹೋಟೆಲಿನಲ್ಲಿ ದುಡಿದರೆ ‘ಪಾಪ, ಮನೆಗೆ ಆಧಾರ’ ಎಂದು ಸುಮ್ಮನಾಗುತ್ತೇವೆ. 2006ರ ಅಕ್ಟೋಬರ್ 10ರಿಂದಲೇ ಹದಿನಾಲ್ಕರೊಳಗಿನ ಮಕ್ಕಳನ್ನು ಮನೆಗೆಲಸಕ್ಕೂ ಹೋಟೆಲು, ಢಾಬಾಗಳ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. 2016ರ ತಿದ್ದುಪಡಿಯ ನಂತರ, ಸ್ವಂತ ಕುಟುಂಬಕ್ಕೆ ನೆರವಾಗುವಂಥ ಒಂದೆರಡು ವಿನಾಯಿತಿ ಬಿಟ್ಟರೆ ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಆಸ್ಪತ್ರೆಯ ಸಿಬ್ಬಂದಿಯೂ ಇದೇ ಊರಿನವರು. ಸಾಗಿಸಿ ತಂದ ಮಕ್ಕಳನ್ನು ಗುರುತಿಸಲು ಅವರಿಗೆ ಕೊಡಬೇಕಾದ ತರಬೇತಿ ಮೊದಲು ಎದುರಿಸಬೇಕಾದದ್ದು ಅವರ ಮನಸ್ಸಿನಲ್ಲಿ, ನಮ್ಮೆಲ್ಲರ ಮನಸ್ಸಿನಲ್ಲಿ, ಸಹಜವಾಗಿ ಕುಳಿತಿರುವ ಈ ಒಪ್ಪಿಗೆಯನ್ನು.

ಹೊರರೋಗಿ ವಿಭಾಗದ ಚೀಟಿಯಲ್ಲಿ ಏನಿರುತ್ತದೆ? ಹೆಸರು, ವಯಸ್ಸು, ತಂದೆಯ ಅಥವಾ ಗಂಡನ ಹೆಸರು, ವಿಳಾಸ, ಮೊಬೈಲ್ ಸಂಖ್ಯೆ. ಕಿಟಕಿಯ ಹಿಂದೆ ಕುಳಿತವರು ಮಾತನಾಡಿಸುವುದು ಮಗುವಿನೊಡನೆ ಅಲ್ಲ, ಜೊತೆಗೆ ಬಂದವರೊಡನೆ. ಹದಿನೈದರ ಹುಡುಗಿಗೆ ‘ಹತ್ತೊಂಬತ್ತು’ ಎಂದು ಅವರು ಹೇಳಿದರೆ ಹತ್ತೊಂಬತ್ತೇ. ವಿಳಾಸ ಅವರದು, ಮೊಬೈಲ್ ಅವರದು. ಹೀಗೆ ಅರ್ಧ ನಿಮಿಷದಲ್ಲಿ ಒಂದು ಮಗು ಕಾಗದದ ಮೇಲೆ ದೊಡ್ಡದಾಗಿಬಿಡುತ್ತದೆ. ಅಲ್ಲಿಂದ ಮುಂದೆ ವೈದ್ಯರು, ಲ್ಯಾಬಿನವರು, ಔಷಧಿ ಕೊಡುವವರು ಎಲ್ಲರೂ ಆ ಅಂಕಿಯನ್ನೇ ನಂಬುತ್ತಾರೆ. ವಯಸ್ಸನ್ನು ಅಂತಿಮವಾಗಿ ನಿರ್ಧರಿಸುವ ಹೊಣೆ ಆಸ್ಪತ್ರೆಯದಲ್ಲ. 2015ರ ಬಾಲನ್ಯಾಯ ಕಾಯ್ದೆಯ 94ನೇ ಕಲಮು ಅದನ್ನು ಮಕ್ಕಳ ಕಲ್ಯಾಣ ಸಮಿತಿಗೆ ಮತ್ತು ಬಾಲನ್ಯಾಯ ಮಂಡಳಿಗೆ ಒಪ್ಪಿಸಿದೆ. ಮೊದಲು ಶಾಲೆಯ ದಾಖಲೆ, ಅದಿಲ್ಲದಿದ್ದರೆ ಸ್ಥಳೀಯ ಸಂಸ್ಥೆಯ ಜನನ ಪ್ರಮಾಣಪತ್ರ, ಎರಡೂ ಇಲ್ಲದಾಗ ಮಾತ್ರ ಎಲುಬಿನ ಪರೀಕ್ಷೆ. ಆದರೆ ‘ಜೊತೆಗೆ ಬಂದವರು ಹೇಳಿದ ವಯಸ್ಸು’ ಎಂದು ಮೂರು ನಾಲ್ಕು ಪದ ಹೆಚ್ಚು ಬರೆಯುವುದಕ್ಕೆ, ಬಂದವರ ಹೆಸರನ್ನೂ ಸಂಬಂಧವನ್ನೂ ಪಕ್ಕದಲ್ಲಿ ಗುರುತಿಸುವುದಕ್ಕೆ ಯಾವ ಕಾಯ್ದೆಯೂ ಅಡ್ಡ ಬರುವುದಿಲ್ಲ. ಆ ಮೂರು ನಾಲ್ಕು ಪದ ಮುಂದೆ ಸಾಕ್ಷ್ಯವಾಗುತ್ತದೆ.

ಕೈಗಳನ್ನು ನೋಡುವುದನ್ನೂ ಕಲಿಸಬೇಕು. ಗೇರುಬೀಜದ ಸಿಪ್ಪೆಯ ಎಣ್ಣೆ ಬೆರಳುಗಳನ್ನು ಕಪ್ಪಾಗಿಸಿ ಚರ್ಮ ಸುಲಿಯುತ್ತದೆ. ದಿನವಿಡೀ ಪಾತ್ರೆ ತೊಳೆದ ಕೈಯಲ್ಲಿ ಬೆರಳ ಸಂದುಗಳು ಬಿಳಿಚಿ ಕೊಳೆಯುತ್ತವೆ. ಕಲ್ಲುಕೋರೆಯ ಧೂಳು ಕೆಮ್ಮಾಗಿ ಬರುತ್ತದೆ. ಇವೆಲ್ಲ ಮುಲಾಮು ಹಚ್ಚಿ ಕಳುಹಿಸುವ ಕಾಯಿಲೆಗಳು, ವಯಸ್ಕನ ಕೈಯಾದರೆ ಅಷ್ಟೇ ಸಾಕು. ಹನ್ನೆರಡರ ಕೈಯಲ್ಲಿ ಅದೇ ಗುರುತು ಕಂಡರೆ ಮುಲಾಮಿನ ಜೊತೆಗೆ ಒಂದು ಪ್ರಶ್ನೆಯೂ ಹೋಗಬೇಕು. ಇನ್ನು ಪದೇ ಪದೇ ಮರಳುವ ಮೂತ್ರದ ಸೋಂಕು, ಏಳನೇ ತಿಂಗಳವರೆಗೂ ತಾಯಿ ಕಾರ್ಡ್ ಮಾಡಿಸದ ಬಸಿರು, ಬೇರೆ ಬೇರೆ ಕಾಲದ ಗಾಯದ ಕಲೆಗಳು, ಹಾಕಿಸದೇ ಉಳಿದ ಲಸಿಕೆಗಳು, ಇಲಿಪಾಷಾಣ ತಿಂದು ಬಂದ ಮಗು. ವಿಷ ತಿಂದದ್ದು ವೈದ್ಯಕೀಯ-ಕಾನೂನು ಪ್ರಕರಣಗಳ (ಎಂ.ಎಲ್.ಸಿ.) ಪುಸ್ತಕದಲ್ಲಿ ದಾಖಲಾಗುತ್ತದೆ. ಯಾಕೆ ತಿಂದಿತು ಎಂಬುದು ‘ಹೊಟ್ಟೆನೋವು ತಾಳಲಾರದೆ’ ಎಂಬ ಒಂದೇ ಸಾಲಿನಲ್ಲಿ ಮುಗಿದುಹೋಗುವುದುಂಟು.

ಒಂದೊಂದನ್ನೇ ತೆಗೆದುಕೊಂಡರೆ ಈ ಯಾವ ಗುರುತೂ ಏನನ್ನೂ ಸಾಬೀತು ಮಾಡುವುದಿಲ್ಲ. ಮೂಡುಬಿದಿರೆಯಲ್ಲಿ ಅಪ್ಪ ಅಮ್ಮ ಜೊತೆಗಿಲ್ಲದೆ, ವಾರ್ಡನ್ ಜೊತೆ ಆಸ್ಪತ್ರೆಗೆ ಬರುವ ಮಕ್ಕಳು ದಿನವೂ ಇರುತ್ತಾರೆ. ಹಾಗೆಂದು ಹಾಸ್ಟೆಲಿನ ಮಗು ಎಂದಾಕ್ಷಣ ನಿಶ್ಚಿಂತೆಯಿಂದ ಇರುವಂತೆಯೂ ಇಲ್ಲ. ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ಹಾಸ್ಟೆಲೊಂದರ ಬುಡಕಟ್ಟು ಹುಡುಗಿಯರ ಮೇಲೆ ನಡೆದ ದೌರ್ಜನ್ಯ ತಿಳಿದೂ ಪೊಲೀಸರಿಗೆ ಹೇಳಲಿಲ್ಲ ಎಂಬ ಆರೋಪ ಅವರಿಗೆ ಚಿಕಿತ್ಸೆ ನೀಡುತ್ತಿದ್ದ ವೈದ್ಯರ ಮೇಲೆ ಬಂದಿತ್ತು. ಹೈಕೋರ್ಟ್ ಪ್ರಕರಣವನ್ನು ರದ್ದು ಮಾಡಿತು. 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ತಳ್ಳಿಹಾಕಿ, ಗೊತ್ತಿದ್ದೂ ತಿಳಿಸದಿರುವುದು ಗಂಭೀರ ಅಪರಾಧ ಎಂದಿತು.

ಸರಿ, ಸಂಶಯ ಬಂತು. ಮುಂದೇನು? ಮೊದಲ ಕೆಲಸ, ಜೊತೆಗಿರುವವರಿಂದ ಮಗುವನ್ನು ಐದು ನಿಮಿಷ ಬೇರ್ಪಡಿಸುವುದು. ‘ನೀವು ಹೊರಗೆ ಹೋಗಿ’ ಎಂದು ಗದರಿದರೆ ಅವರು ಮಗುವನ್ನೇ ಎತ್ತಿಕೊಂಡು ಹೊರಟಾರು. ಅನುಭವವಿರುವ ದಾದಿಯರಿಗೆ ಇದರ ಉಪಾಯ ಗೊತ್ತು. ‘ಬಾ ಮಗಾ, ತೂಕ ನೋಡುವ’ ಎಂದು ಕರೆದರೆ ಯಾರೂ ತಕರಾರು ಮಾಡುವುದಿಲ್ಲ. ಮೂತ್ರದ ಪರೀಕ್ಷೆಗೆ ಡಬ್ಬಿ ಕೊಟ್ಟು ಶೌಚಾಲಯದವರೆಗೆ ಜೊತೆಗೆ ಹೋಗಬಹುದು. ಆ ಹೊತ್ತಿನಲ್ಲಿ ‘ನಿನಗೆ ಯಾರಾದರೂ ತೊಂದರೆ ಕೊಡುತ್ತಾರಾ?’ ಎಂದು ಕೇಳಿದರೆ ‘ಇಲ್ಲ’ ಎಂಬ ಉತ್ತರವೇ ಬರುತ್ತದೆ, ಅದನ್ನು ಬಾಯಿಪಾಠ ಮಾಡಿಸಿಯೇ ಕರೆತಂದಿರುತ್ತಾರೆ. ‘ರಾತ್ರಿ ಎಲ್ಲಿ ಮಲಗ್ತಿ?’, ‘ನಿನ್ನ ಆಧಾರ್ ಕಾರ್ಡ್ ಯಾರ ಹತ್ರ ಉಂಟು?’, ‘ಅಮ್ಮನ ಹತ್ರ ಫೋನಲ್ಲಿ ಮಾತಾಡಿ ಎಷ್ಟು ದಿನ ಆಯ್ತು?’ ಇಂಥ ಸಣ್ಣ ಪ್ರಶ್ನೆಗಳಿಗೆ ಸುಳ್ಳು ಉತ್ತರ ಮಗುವಿಗೆ ಸುಲಭಕ್ಕೆ ಹೊಳೆಯುವುದಿಲ್ಲ.

ಆದರೆ ಯಾವ ಭಾಷೆಯಲ್ಲಿ ಕೇಳುವುದು? ಇಲ್ಲಿನ ಆಸ್ಪತ್ರೆಗಳು ತುಳು, ಬ್ಯಾರಿ, ಕೊಂಕಣಿ, ಕರಾವಳಿಯ ಕನ್ನಡದಲ್ಲಿ ನಡೆಯುತ್ತವೆ. ರಾಯಚೂರಿನ ಮಗುವಿಗೆ ನಮ್ಮ ಕನ್ನಡವೇ ಅರ್ಧ ತಿಳಿಯದು, ಜಾರ್ಖಂಡಿನ ಮಗುವಿಗಂತೂ ಏನೂ ತಿಳಿಯದು. ಆಗ ಅನುವಾದಕ್ಕೆ ನಿಲ್ಲುವವನು ಕರೆತಂದವನೇ. ಮಗು ಏನು ಹೇಳಿತೋ, ಅವನು ಏನು ತಿಳಿಸಿದನೋ, ಕೇಸ್‌ಶೀಟಿನಲ್ಲಿ ಅವನ ಮಾತೇ ಉಳಿಯುತ್ತದೆ. ಈ ಒಂದು ತೊಡಕನ್ನು ಬಿಡಿಸದೆ ಎಷ್ಟು ತರಬೇತಿ ಕೊಟ್ಟರೂ ವ್ಯರ್ಥ ಎಂಬುದು ನನ್ನ ನಂಬಿಕೆ. ಪರಿಹಾರವೂ ದೂರವಿಲ್ಲ. ದೇರಳಕಟ್ಟೆ, ಮಂಗಳೂರಿನ ವೈದ್ಯಕೀಯ ಮತ್ತು ನರ್ಸಿಂಗ್ ಕಾಲೇಜುಗಳಲ್ಲಿ ದೇಶದ ಎಲ್ಲೆಡೆಯ ವಿದ್ಯಾರ್ಥಿಗಳಿದ್ದಾರೆ. ಹಿಂದಿ, ಬಂಗಾಳಿ, ಅಸ್ಸಾಮಿ, ಮಲಯಾಳ ಬಲ್ಲ ಹತ್ತಿಪ್ಪತ್ತು ಮಂದಿಯನ್ನು ಗೌಪ್ಯತೆಯ ಪಾಠ ಹೇಳಿ ಸಿದ್ಧಗೊಳಿಸಿದರೆ ನಾರಾವಿಯ ದಾದಿಯೂ ಕೊಕ್ಕಡದ ವೈದ್ಯರೂ ಫೋನಿನಲ್ಲಿ ಅವರ ಸಹಾಯ ಪಡೆಯಬಹುದು.

ಕಾನೂನು ಆಸ್ಪತ್ರೆಯಿಂದ ಬಯಸುವುದೇನೆಂದು ಸಿಬ್ಬಂದಿಗೆ ತಿಳಿಸಿ ಹೇಳುವುದು ಇನ್ನೂ ಬಾಕಿಯಿರುವ ಕೆಲಸ. 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದದ್ದು ತಿಳಿದ, ಇಲ್ಲವೇ ನಡೆಯಬಹುದೆಂಬ ಶಂಕೆ ಬಂದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಸಜೆ, ಸಂಸ್ಥೆಯ ಮುಖ್ಯಸ್ಥರಾದರೆ ಒಂದು ವರ್ಷದವರೆಗೆ. ಆ ಕಾಯ್ದೆಯ 2020ರ ನಿಯಮಗಳು ತುರ್ತು ಚಿಕಿತ್ಸೆಗೆ ಮುನ್ನ ಪೊಲೀಸರ ಪತ್ರವನ್ನೋ ಮ್ಯಾಜಿಸ್ಟ್ರೇಟರ ಆದೇಶವನ್ನೋ ಕೇಳುವುದನ್ನು ಸ್ಪಷ್ಟವಾಗಿ ನಿಷೇಧಿಸುತ್ತವೆ. ‘ಮೊದಲು ಸ್ಟೇಷನ್ನಿಗೆ ಹೋಗಿ ಬನ್ನಿ’ ಎಂಬ ಮಾತು ಸ್ವತಃ ಕಾನೂನುಬಾಹಿರ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೇ ಕಲಮು ಸರಕಾರಿ, ಖಾಸಗಿ ಎಂಬ ಭೇದವಿಲ್ಲದೆ ಅತ್ಯಾಚಾರ ಮತ್ತು ಪೋಕ್ಸೊ ಸಂತ್ರಸ್ತರಿಗೆ ಉಚಿತ ಚಿಕಿತ್ಸೆಯನ್ನು ಕಡ್ಡಾಯ ಮಾಡಿದೆ. ಪೋಕ್ಸೊ ಪ್ರಕಾರ ಹುಡುಗಿಯ ಪರೀಕ್ಷೆಯನ್ನು ಮಹಿಳಾ ವೈದ್ಯರೇ ನಡೆಸಬೇಕು, ಮಗು ನಂಬುವವರೊಬ್ಬರು ಜೊತೆಗಿರಬೇಕು. ಎರಡು ಬೆರಳಿನ ಪರೀಕ್ಷೆಯನ್ನು ನಡೆಸಿದವರು ದುರ್ನಡತೆಯ ತಪ್ಪಿತಸ್ಥರಾಗುತ್ತಾರೆ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಮು ಮಗುವಿನ ಸಾಗಾಣಿಕೆಗೆ ಕನಿಷ್ಠ ಹತ್ತು ವರ್ಷದ ಸಜೆ ವಿಧಿಸುತ್ತದೆ. ‘ಅವಳೇ ಒಪ್ಪಿ ಬಂದಿದ್ದಾಳೆ’ ಎಂಬ ವಾದಕ್ಕೆ ಅಲ್ಲಿ ಬೆಲೆಯಿಲ್ಲ.

ಶಿರ್ವದಂಥ ಪ್ರಕರಣಗಳಿಗೆ ಸಂಬಂಧಿಸಿದ ಕಲಮು ಬಾಲನ್ಯಾಯ ಕಾಯ್ದೆಯಲ್ಲಿದೆ. 81ನೇ ಕಲಮಿನ ಪ್ರಕಾರ ಮಗುವನ್ನು ಮಾರಿದವರಿಗೂ ಕೊಂಡವರಿಗೂ ಐದು ವರ್ಷದವರೆಗೆ ಸಜೆ. ಮಗು ಯಾರ ವಶದಲ್ಲಿತ್ತೋ ಅವರೇ ಮಾರಿದರೆ, ಆಸ್ಪತ್ರೆ, ನರ್ಸಿಂಗ್ ಹೋಮ್, ಹೆರಿಗೆ ಆಸ್ಪತ್ರೆಯ ನೌಕರರು ಎಂದು ಬಿಡಿಸಿ ಹೇಳಿ, ಕನಿಷ್ಠ ಮೂರು, ಗರಿಷ್ಠ ಏಳು ವರ್ಷ. 2025ರ ಏಪ್ರಿಲ್‌ನಲ್ಲಿ ಉತ್ತರ ಪ್ರದೇಶದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಪಾರ್ದಿವಾಲಾ ಅವರ ಪೀಠ ಇನ್ನೂ ಮುಂದೆ ಹೋಗಿ, ಆಸ್ಪತ್ರೆಯಿಂದ ನವಜಾತ ಶಿಶು ಕಳ್ಳಸಾಗಣೆಯಾದರೆ ಮೊದಲು ಅದರ ಪರವಾನಗಿಯನ್ನೇ ಅಮಾನತಿನಲ್ಲಿಡಬೇಕು ಎಂದಿತು. ಬೆಂಗಳೂರಿನ ಚಾಮರಾಜಪೇಟೆಯ ಪಾಲಿಕೆ ಆಸ್ಪತ್ರೆಯಿಂದ 2020ರ ಮೇ ತಿಂಗಳಲ್ಲಿ ಕಳವಾದ ಕೂಸು ಸಿಗಲು ಒಂದು ವರ್ಷ ಹಿಡಿಯಿತು, ಬಂಧನಕ್ಕೊಳಗಾದವರು ಮನೋವೈದ್ಯೆ. ಸಂತ್ರಸ್ತರನ್ನು ಗುರುತಿಸುವ ತರಬೇತಿ ಎಂದರೆ ಹೊರಗಿನ ದುಷ್ಟರನ್ನು ಹಿಡಿಯುವುದು ಎಂದೇ ನಾವು ತಿಳಿಯುತ್ತೇವೆ. ತನ್ನದೇ ಹೆರಿಗೆ ವಾರ್ಡಿನಲ್ಲಿ ಏನು ನಡೆಯುತ್ತಿದೆ ಎಂದು ಕೇಳುವ ಧೈರ್ಯವನ್ನೂ ಆಯಾಳಿಗೆ, ದಾದಿಗೆ ಕೊಡದ ತರಬೇತಿ ಅರ್ಧಂಬರ್ಧ.

ಮದುವೆಯಾಗದೆ ಬಸಿರಾದ ಹುಡುಗಿಯ ಮನೆಯವರು ಮರ್ಯಾದೆಗೆ ಅಂಜಿ ದಲ್ಲಾಳಿಯ ಕೈಗೆ ಬೀಳುವುದು ಇಲ್ಲಿಯೇ. ‘ಮಗುವಿಗೂ ಒಳ್ಳೆಯ ಮನೆ, ನಿಮಗೂ ತೊಂದರೆಯಿಲ್ಲ’ ಎನ್ನುವವನ ಮಾತು ಆ ಹೊತ್ತಿಗೆ ದೇವರ ಮಾತಿನಂತೆ ಕೇಳುತ್ತದೆ. ಕಾನೂನಿನ ದಾರಿಯೂ ಗೌಪ್ಯವೇ ಎಂಬುದನ್ನು ಆ ಗಳಿಗೆಯಲ್ಲಿ ತಿಳಿಸುವವರು ಬೇಕು. ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಮಗುವನ್ನು ಒಪ್ಪಿಸಬಹುದು, ಮನಸ್ಸು ಬದಲಾಯಿಸಲು ಎರಡು ತಿಂಗಳ ಅವಕಾಶವಿದೆ, ಆಮೇಲೆ ಕೇಂದ್ರ ದತ್ತು ಪ್ರಾಧಿಕಾರದ ಮೂಲಕ ಮಗು ಸರಿಯಾದ ಮನೆಗೆ ಹೋಗುತ್ತದೆ. ಇಷ್ಟನ್ನು ತುಳುವಿನಲ್ಲಿ, ಬ್ಯಾರಿಯಲ್ಲಿ ಮೃದುವಾಗಿ ಹೇಳಬಲ್ಲ ಒಬ್ಬ ದಾದಿ ದಲ್ಲಾಳಿಯ ಇಡೀ ವ್ಯಾಪಾರವನ್ನು ಕೆಡಿಸಬಲ್ಲಳು.

ಕಡ್ಡಾಯ ವರದಿಯ ಕಾನೂನಿಗೆ ಇನ್ನೊಂದು ಮುಖವೂ ಇದೆ. ಹದಿನೇಳರ ಹುಡುಗಿ ತಾನೇ ಮೆಚ್ಚಿದ ಹುಡುಗನಿಂದ ಬಸಿರಾಗಿ ಬಂದರೂ ಪೋಕ್ಸೊ ಅಡಿಯಲ್ಲಿ ತಿಳಿಸಲೇಬೇಕು. ಇದು ಗೊತ್ತಾದ ಮನೆಯವರು ಆಸ್ಪತ್ರೆಯ ಕಡೆಗೇ ಸುಳಿಯುವುದಿಲ್ಲ, ಗುಟ್ಟಾಗಿ ಗುಳಿಗೆ ಮಾರುವವರ ಬಳಿ ಹೋಗುತ್ತಾರೆ. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್ ಈ ಬಿಗಿಯನ್ನು ಸ್ವಲ್ಪ ಸಡಿಲಿಸಿತು. ಗರ್ಭಪಾತಕ್ಕೆ ಬಂದ ಅಪ್ರಾಪ್ತೆ ಮತ್ತು ಪೋಷಕರು ಕೇಳಿಕೊಂಡರೆ ವೈದ್ಯರು ವರದಿಯಲ್ಲಿ ಅವಳ ಗುರುತನ್ನು ಹೇಳಬೇಕಾಗಿಲ್ಲ. ಎಷ್ಟು ವೈದ್ಯರಿಗೆ ಇದು ತಿಳಿದಿದೆಯೋ! ಆದರೆ ಇಲ್ಲೇ ಒಂದು ಅಪಾಯವೂ ಇದೆ. ‘ಪೋಷಕರು’ ಎಂದು ಜೊತೆಗೆ ಬಂದವರೇ ಅವಳನ್ನು ಮಾರುತ್ತಿರುವವರಾದರೆ? ಯಾರಿಗೆ ಗುಟ್ಟು ರಕ್ಷಣೆ, ಯಾರಿಗೆ ಗುಟ್ಟೇ ಬಂಧನ ಎಂದು ವಿವೇಚಿಸುವುದನ್ನು ಯಾವ ಸುತ್ತೋಲೆಯೂ ಕಲಿಸದು. ಅದಕ್ಕೆ ಪ್ರಕರಣಗಳನ್ನು ಮುಂದಿಟ್ಟುಕೊಂಡು ಕುಳಿತು ಮಾತನಾಡಬೇಕು, ಒಬ್ಬರು ತಾಯಿಯಾಗಿ, ಒಬ್ಬರು ದಲ್ಲಾಳಿಯಾಗಿ ಅಭಿನಯಿಸಿ ನೋಡಬೇಕು.

ಹೊರಗಿನ ಮಾದರಿಗಳಿವೆ. ಅಟ್ಲಾಂಟಾದ ಮಕ್ಕಳ ಆಸ್ಪತ್ರೆಯ ಗ್ರೀನ್‌ಬಾಮ್ ಮತ್ತು ಸಂಗಡಿಗರು 2018ರಲ್ಲಿ ಆರು ಪ್ರಶ್ನೆಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಎರಡಕ್ಕೆ ‘ಹೌದು’ ಎಂದರೆ ಮುಂದಿನ ವಿಚಾರಣೆ, ನಿಜವಾದ ಸಂತ್ರಸ್ತರಲ್ಲಿ 92 ಶೇಕಡ ಮಂದಿಯನ್ನು ಅದು ಗುರುತಿಸಿತು, ಸಂತ್ರಸ್ತರಲ್ಲದ ಕೆಲವರನ್ನೂ ಬಲೆಗೆ ಸೇರಿಸಿತು. ಎಷ್ಟು ಮಂದಿಯ ಜೊತೆ ಸಂಬಂಧ ಇತ್ತು ಎಂಬಂಥ ಪ್ರಶ್ನೆಯನ್ನು ವಿಟ್ಲದಲ್ಲೋ ವಾಮದಪದವಿನಲ್ಲೋ ಕೇಳಿದರೆ ಹುಡುಗಿ ಎದ್ದುಹೋದಾಳು. ಪಟ್ಟಿಯನ್ನಲ್ಲ, ಅದರ ಹಿಂದಿರುವ ಶಿಸ್ತನ್ನು ತರಬೇಕು. ಕೇಂದ್ರ ಆರೋಗ್ಯ ಸಚಿವಾಲಯವೇ 2014ರಲ್ಲಿ ಲೈಂಗಿಕ ಹಿಂಸೆಗೆ ಒಳಗಾದವರ ವೈದ್ಯಕೀಯ ಆರೈಕೆಗೆ ಒಳ್ಳೆಯ ಮಾರ್ಗಸೂಚಿ ಹೊರಡಿಸಿದೆ. ಆದರೆ ಅದು ತನ್ನ ಮೇಲಾದದ್ದನ್ನು ಹೇಳಿಕೊಂಡು ಬಂದವರಿಗಾಗಿ. ಹೇಳದೆ ಕುಳಿತ ಮಗುವನ್ನು ಕಾಣುವ ಕಲೆಯನ್ನು ನಾವೇ ಕಟ್ಟಿಕೊಳ್ಳಬೇಕು. ಒಂದು ಎಚ್ಚರಿಕೆಯೂ ಬೇಕು. ತರಬೇತಿಯಿಂದ ಸಿಬ್ಬಂದಿಯ ತಿಳಿವಳಿಕೆ ಹೆಚ್ಚಾಗುವುದನ್ನು ತೋರಿಸಿದ ಅಧ್ಯಯನಗಳು ಸಾಕಷ್ಟಿವೆ, ಮಕ್ಕಳ ಬದುಕು ಬದಲಾದದ್ದನ್ನು ತೋರಿಸಿದವು ವಿರಳ.

ಕರಾವಳಿಗೆ ಬೇರೆಯದೇ ಆದ ಒಂದು ಭಯವಿದೆ, ಅದನ್ನು ಹೇಳದಿದ್ದರೆ ಈ ಸಮೀಕ್ಷೆ ಅಪ್ರಾಮಾಣಿಕವಾಗುತ್ತದೆ. ಆಸ್ಪತ್ರೆಯಲ್ಲಿ ಹುಡುಗ ಹುಡುಗಿ ಬೇರೆ ಬೇರೆ ಧರ್ಮದವರೆಂದು ಕಂಡರೆ ಸುದ್ದಿ ಪೊಲೀಸರಿಗಿಂತ ಮೊದಲು ಬೇರೆಯವರಿಗೆ ತಲುಪುವ ಊರು ನಮ್ಮದು. ಮಕ್ಕಳ ಕಳ್ಳರೆಂಬ ವಾಟ್ಸಾಪ್ ವದಂತಿಗೆ 2018ರಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲೂ ಬೀದರ್ ಜಿಲ್ಲೆಯ ಮುರ್ಕಿಯಲ್ಲೂ ಅಮಾಯಕರು ಹೊಡೆತಕ್ಕೆ ಸಿಕ್ಕಿ ಸತ್ತರು. ಅರೆಬರೆ ತರಬೇತಿ ಇಂಥ ಬೆಂಕಿಗೆ ತುಪ್ಪವಾಗಬಹುದು. ಹಾಗಾಗಿ ಮೊದಲ ದಿನದ ಮೊದಲ ಪಾಠ ಬಾಯಿ ಬಿಗಿಹಿಡಿಯುವುದೇ ಆಗಬೇಕು. ಸಂಶಯವನ್ನು ಯಾರಿಗೆ ಹೇಳಬೇಕೋ ಅವರಿಗೆ ಮಾತ್ರ. ಫೋಟೊ ಇಲ್ಲ, ಗ್ರೂಪಿಗೆ ಸಂದೇಶ ಇಲ್ಲ. ಬಾಲನ್ಯಾಯ ಕಾಯ್ದೆಯ 74ನೇ ಕಲಮು ಮಗುವಿನ ಗುರುತು ಬಹಿರಂಗಪಡಿಸುವುದನ್ನು ಅಪರಾಧ ಎನ್ನುತ್ತದೆ.

ಹೇಳಬೇಕಾದವರು ಯಾರು ಎಂಬುದು ಸಿಬ್ಬಂದಿಗೆ ನಿದ್ದೆಯಲ್ಲೂ ಗೊತ್ತಿರಬೇಕು. 1996ರಲ್ಲಿ ಮುಂಬೈಯಲ್ಲಿ ಹುಟ್ಟಿದ ಮಕ್ಕಳ ಸಹಾಯವಾಣಿ 1098 2023ರಿಂದ ಸ್ವಯಂಸೇವಾ ಸಂಸ್ಥೆಗಳ ಕೈಯಿಂದ ಸರಕಾರಕ್ಕೆ ವರ್ಗವಾಗಿ 112ರ ಜೊತೆ ಜೋಡಣೆಯಾಗಿದೆ. ಸಂಖ್ಯೆ ಅದೇ, ಆದರೆ ಹಿಂದೆ ಓಡಿಬರುತ್ತಿದ್ದ ಪರಿಚಿತ ಕಾರ್ಯಕರ್ತರ ಜಾಗದಲ್ಲಿ ಈಗ ಬೇರೆಯವರಿದ್ದಾರೆ, ಹೊಸ ಪರಿಚಯ ಆಗಬೇಕು. ಮಗುವನ್ನು 24 ಗಂಟೆಯೊಳಗೆ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಸಮಿತಿ ಮಂಗಳೂರಿನಲ್ಲಿದೆ, ಬೆಳ್ತಂಗಡಿಯಿಂದ ಅರುವತ್ತು ಕಿಲೋಮೀಟರು. ಮಳೆಗಾಲದ ರಾತ್ರಿ ಒಂಬತ್ತಕ್ಕೆ ಮಗು ಸಿಕ್ಕಿತು ಎಂದುಕೊಳ್ಳಿ. ಬೆಳಗಿನವರೆಗೆ ಅದು ಎಲ್ಲಿ ಮಲಗಬೇಕು? ಯಾರು ಊಟ ಕೊಡಬೇಕು? ಕರೆತಂದವನು ಗಲಾಟೆ ಎಬ್ಬಿಸಿದರೆ ರಾತ್ರಿ ಪಾಳಿಯ ಇಬ್ಬರು ದಾದಿಯರ ಹಿಂದೆ ನಿಲ್ಲುವವರು ಯಾರು? ‘ವೀಕ್ಷಣೆಗಾಗಿ ದಾಖಲು’ ಎಂದು ಬರೆದು ಒಂದು ಹಾಸಿಗೆ ಕೊಡುವ ಅಧಿಕಾರ ಕರ್ತವ್ಯದಲ್ಲಿರುವ ವೈದ್ಯರಿಗೆ ಇದೆ, ಅದನ್ನು ಬಳಸಲು ಮೇಲಿನವರ ಬೆಂಬಲ ಬೇಕು. ಈ ಪ್ರಶ್ನೆಗಳಿಗೆ ಮೊದಲೇ ಉತ್ತರ ಸಿದ್ಧವಿಲ್ಲದಿದ್ದರೆ ಸಿಬ್ಬಂದಿ ಕಂಡರೂ ಕಾಣದಂತೆ ಇದ್ದುಬಿಡುತ್ತಾರೆ, ಅವರನ್ನು ದೂರುವಂತಿಲ್ಲ.

ತಾಲ್ಲೂಕು ಆಸ್ಪತ್ರೆ, ಸಮುದಾಯ ಆರೋಗ್ಯ ಕೇಂದ್ರಗಳ ಸಿಬ್ಬಂದಿಯನ್ನು ಆರೋಗ್ಯ ಇಲಾಖೆ ಒಂದು ಸುತ್ತೋಲೆಯಿಂದ ಕರೆದು ಕೂರಿಸಬಹುದು. ಆಶಾ ಕಾರ್ಯಕರ್ತೆಯರು, 108ರ ಚಾಲಕರು, ಚೀಟಿ ಬರೆಯುವವರು, ಆಯಾಗಳು ಎಲ್ಲರನ್ನೂ ಸೇರಿಸಬೇಕು. ಮಕ್ಕಳ ಹಕ್ಕುಗಳಿಗಾಗಿ ಬಹುಕಾಲ ದುಡಿದಿರುವ ಮಂಗಳೂರಿನ ಪಡಿ, ಮೈಸೂರಿನ ಒಡನಾಡಿಯಂಥ ಸಂಸ್ಥೆಗಳ ಅನುಭವವನ್ನು ಕೇಳಿ ಪಡೆಯಬೇಕು. ಕಷ್ಟವಿರುವುದು ಖಾಸಗಿಯಲ್ಲಿ. ಈ ಮೂರು ತಾಲ್ಲೂಕುಗಳಲ್ಲಿ ಮುಚ್ಚಿಡಬೇಕಾದ ಕಾಯಿಲೆಗಳು ಹೋಗುವುದು ಹೆಚ್ಚಾಗಿ ಸಣ್ಣ ನರ್ಸಿಂಗ್ ಹೋಮ್‌ಗಳಿಗೆ, ಒಂದು ಕೋಣೆಯ ಕ್ಲಿನಿಕ್‌ಗಳಿಗೆ. ಅಲ್ಲಿಗೆ ಇಲಾಖೆಯ ಕರೆ ತಲುಪುವುದಿಲ್ಲ. ಆದರೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಇವೆಲ್ಲವೂ ನೋಂದಣಿ ಮಾಡಿಸಿಕೊಳ್ಳಲೇಬೇಕು, ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಅದನ್ನು ನೋಡಿಕೊಳ್ಳುವ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು, ಜಿಲ್ಲಾ ಆರೋಗ್ಯಾಧಿಕಾರಿ ಸದಸ್ಯ ಕಾರ್ಯದರ್ಶಿ. ನವೀಕರಣದ ಅರ್ಜಿಯ ಜೊತೆಗೆ ಬೆಂಕಿ ನಂದಿಸುವ ಉಪಕರಣ ಇದೆಯೇ, ತ್ಯಾಜ್ಯ ವಿಲೇವಾರಿ ಸರಿಯಿದೆಯೇ ಎಂದು ಕೇಳುವ ಅವರು, ಮಕ್ಕಳ ರಕ್ಷಣೆಯ ತರಬೇತಿ ಪಡೆದ ಇಬ್ಬರ ಹೆಸರನ್ನೂ ಕೇಳಲಿ. ಅದಕ್ಕೆ ಹೊಸ ಶಾಸನ ಬರುವವರೆಗೆ ಕಾಯಬೇಕಿಲ್ಲ. ದಕ್ಷಿಣ ಕನ್ನಡದ ಜಿಲ್ಲಾಡಳಿತ ಮನಸ್ಸು ಮಾಡಿದರೆ ಮುಂದಿನ ನವೀಕರಣದ ಸುತ್ತಿನಿಂದಲೇ ಆರಂಭಿಸಬಹುದು.